ನಾಲ್ಕು ಇಂಚಿನ ಆಸೆ, ದೊಡ್ಡಪ್ಪನ ಮಂಡಿ

ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಸೆಕೆಂಡ್ ಹ್ಯಾಂಡ್ ಇಸುಝು ವಿ-ಕ್ರಾಸ್ ಪಿಕಪ್ ತಂದರು. ಸಕಲೇಶಪುರದಿಂದ ಒಳಗೆ ಹೋಗುವ ನಮ್ಮ ಊರಿನ ದಾರಿ ನೋಡಿದವರು ‘ಇಂಥ ಗಾಡಿ ಯಾಕೆ’ ಎಂದು ಕೇಳುವುದಿಲ್ಲ. ಮೆಣಸು, ಕಾಫಿ ಮೂಟೆ, ಗೊಬ್ಬರ, ಕೆಲವೊಮ್ಮೆ ಆಳುಗಳು, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವ ಅಕ್ಕಪಕ್ಕದವರು, ಎಲ್ಲಕ್ಕೂ ಅದೇ. ಗಾಡಿ ಬಂದ ವಾರಕ್ಕೇ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಅದೇ ಗಾಡಿ, ಆದರೆ ಗೂಳಿ ಥರ ಎದ್ದು ನಿಂತಿತ್ತು. “ನಾಲ್ಕು ಇಂಚು ಲಿಫ್ಟ್ ಕಣೇ. ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ಯಾವ ಕಿಟ್ ಒಳ್ಳೇದು ನೋಡಿ ಹೇಳು.”

ನಾನು ಹಾಸನದಲ್ಲಿ ಬಿ.ಇ. ಐದನೇ ಸೆಮಿಸ್ಟರ್. ನಮ್ಮ ಕ್ಲಾಸಿನ ನಾಲ್ಕೇ ನಾಲ್ಕು ಹುಡುಗಿಯರಲ್ಲಿ ಒಬ್ಬಳು. ಮನೆಯಲ್ಲಿ ಯಾರಾದರೂ ನನ್ನ ಓದಿಗೆ ಸಂಬಂಧಪಟ್ಟ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೂ ಮಿಕ್ಸಿ ಕೆಟ್ಟಾಗ ಮಾತ್ರ ನೆನಪಾಗುತ್ತಿದ್ದೆ. ಹಾಗಾಗಿ ಜಂಬದಿಂದಲೇ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಆ ಫೋಟೊ ನನಗೂ ಇಷ್ಟವಾಗಿತ್ತು.

ಆಮೇಲೆ ಎರಡು ತಿಂಗಳು ಓದಿ, ಮೂರು ಅಂಗಡಿ ಸುತ್ತಿ ತಿಳಿದುಕೊಂಡ ಮೊದಲ ವಿಷಯವೇ ನನ್ನ ಜಂಬ ಇಳಿಸಿತು. ಸಸ್ಪೆನ್ಷನ್ ಎತ್ತರಿಸಿದರೆ ಗಾಡಿಯ ಹೊಟ್ಟೆ ಮೇಲೆ ಹೋಗುತ್ತದೆ, ನಿಜ. ಆದರೆ ಹಿಂದಿನ ಆಕ್ಸಲ್ಲಿನ ನಡುವೆ ಗಡಿಗೆಯಂತೆ ಇಳಿಬಿದ್ದಿರುವ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಆಕ್ಸಲ್ ಕೂತಿರುವುದು ಚಕ್ರದ ಮೇಲೆ, ಸ್ಪ್ರಿಂಗ್ ಕೂತಿರುವುದು ಆಕ್ಸಲ್ ಮೇಲೆ. ಸ್ಪ್ರಿಂಗ್ ಎಷ್ಟು ಎತ್ತರಿಸಿದರೂ ಅದರ ಕೆಳಗಿನದು ಇದ್ದಲ್ಲೇ ಇರುತ್ತದೆ. ತೋಟದ ದಾರಿಯ ನಡುದಿಣ್ಣೆಗೆ ‘ಟಣ್’ ಎಂದು ತಾಗುವುದು ಬಹುತೇಕ ಅದೇ ಗಡಿಗೆ. ಅದನ್ನು ಎತ್ತಬೇಕೆಂದರೆ ದೊಡ್ಡ ಟೈರೇ ಗತಿ. 245/70 ಆರ್16 ಟೈರ್ ತೆಗೆದು 265/70 ಆರ್16 ಹಾಕಿದರೆ ವ್ಯಾಸ 28 ಮಿ.ಮೀ. ಹೆಚ್ಚುತ್ತದೆ, ಆಕ್ಸಲ್ ಮೇಲೇರುವುದು ಅದರ ಅರ್ಧ, 14 ಮಿ.ಮೀ. ಲಕ್ಷ ದಾಟಿದ ಕೊಟೇಷನ್ ಕೈಯಲ್ಲಿ ಹಿಡಿದುಕೊಂಡು ಈ ಲೆಕ್ಕ ಮಾಡಿದಾಗ ನಗು ಬಂತು. ದೊಡ್ಡ ಟೈರಿಗೆ ಅದರದೇ ಬಾಡಿಗೆಯೂ ಉಂಟು: ಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಎರಡು ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ, ಬ್ರೇಕಿಗೂ ಗೇರಿಗೂ ಕೆಲಸ ಹೆಚ್ಚು.

ಹಾಗಂತ ಲಿಫ್ಟ್ ಕಿಟ್ ಸುಳ್ಳು ಎನ್ನಲಾರೆ. ವಿ-ಕ್ರಾಸ್‌ನಂಥ ಪಿಕಪ್ಪಿನ ಮುಂದಿನ ಹಿಂದಿನ ಚಕ್ರಗಳ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರ. ದಿಣ್ಣೆ ದಾಟುವಾಗ ನಡುಹೊಟ್ಟೆ ತಗುಲುವುದು ಇಂಥ ಉದ್ದ ಗಾಡಿಗಳ ಹಣೆಬರಹ. ಅಲ್ಲಿ ಎರಡು ಇಂಚಿನ ಏರಿಕೆ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಹಳ್ಳದಿಂದ ಏರುವಾಗ ಬಂಪರ್ ಮಣ್ಣು ಕೆರೆಯುವುದೂ ತಪ್ಪುತ್ತದೆ. ನನ್ನ ತಕರಾರು ಕಿಟ್ ಮೇಲಲ್ಲ, ನಾವು ಅದನ್ನು ಆರಿಸುವ ರೀತಿಯ ಮೇಲೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಇಂಚು?’ ಕೇಳಬೇಕಾದದ್ದು ‘ಎಷ್ಟು ಭಾರ?’

ಹಿಂದಿನ ಲೀಫ್ ಸ್ಪ್ರಿಂಗನ್ನೇ ತೆಗೆದುಕೊಳ್ಳಿ. ಒಂದರ ಮೇಲೊಂದು ಜೋಡಿಸಿದ ಕಮಾನಿನಂಥ ಉಕ್ಕಿನ ಪಟ್ಟಿಗಳು. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು ಥರದ ಕಂಪನಿಗಳು ಒಂದೇ ಗಾಡಿಗೆ ಬೇರೆ ಬೇರೆ ಭಾರಕ್ಕೆ ಬೇರೆ ಬೇರೆ ಸ್ಪ್ರಿಂಗ್ ಮಾಡುತ್ತವೆ. ಸದಾ ಐನೂರು ಕೆಜಿ ಹೊರುವ ಗಾಡಿಗೆ ಗಟ್ಟಿಯದು, ಖಾಲಿ ಓಡಾಡುವುದಕ್ಕೆ ಮೆತ್ತನೆಯದು. ಖಾಲಿ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಂದೆ ಕೂತವರ ಬೆನ್ನುಮೂಳೆ ಲೆಕ್ಕ ಕೊಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪುಟಿಯುವ ಟೈರಿಗೆ ನೆಲದ ಹಿಡಿತ ತಪ್ಪುತ್ತದೆ. ಅಗ್ಗದ ದಾರಿ ಎಂದರೆ ಹಿಂದೆ ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಒಂದು ಕಬ್ಬಿಣದ ಬ್ಲಾಕ್, ಮುಂದೆ ಸ್ಟ್ರಟ್ ಮೇಲೆ ಒಂದು ಸ್ಪೇಸರ್. ಎತ್ತರವೇನೋ ಬರುತ್ತದೆ, ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ. ಚಕ್ರ ಗುಂಡಿಗೆ ಇಳಿಯುವಾಗ ಪೂರ್ತಿ ಎಳೆದು ಜಗ್ಗಿ ‘ಧಡ್’ ಎನ್ನುತ್ತದೆ.

ಮುಂದುಗಡೆಯ ಕಥೆ ಇನ್ನೂ ಸೂಕ್ಷ್ಮ. ಈ ಗಾಡಿಯ ಮುಂದಿನ ಎರಡು ಚಕ್ರಗಳು ಬಿಡಿಬಿಡಿಯಾಗಿ ಆಡುತ್ತವೆ. ಗಾಡಿ ಎತ್ತಿದಷ್ಟೂ ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ಶಾಫ್ಟ್ ಓರೆಯಾಗುತ್ತದೆ. ಅದರ ತುದಿಯ ಸಿವಿ ಜಾಯಿಂಟಿನ ರಬ್ಬರ್ ಬೂಟ್ ಮಡಚಿ ಉಜ್ಜಿ ಹರಿಯುತ್ತದೆ. ನಮ್ಮ ಕೆಂಪು ಕೆಸರು ಒಳಗೆ ಹೋಯಿತೋ, ಜಾಯಿಂಟ್ ಮುಗಿಯಿತು. ಎರಡು ಇಂಚಿನ ಒಳಗೆ ಸಾಮಾನ್ಯವಾಗಿ ನಿಭಾಯಿಸಬಹುದು. ಅದರ ಮೇಲೆ ಹೋದರೆ ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸಬೇಕು, ಮೇಲಿನ ತೋಳುಗಳನ್ನು ಬದಲಿಸಬೇಕು, ಬ್ರೇಕಿನ ಪೈಪಿಗೆ ಉದ್ದ ಸಾಕೇ ನೋಡಬೇಕು. ಎಷ್ಟೇ ಎತ್ತರಿಸಲಿ, ವೀಲ್ ಅಲೈನ್‌ಮೆಂಟ್ ಅಂತೂ ಕಡ್ಡಾಯ. ಹೆಡ್‌ಲೈಟನ್ನೂ ಕೆಳಗೆ ತಿರುಗಿಸಬೇಕು. ಶಿರಾಡಿ ಘಾಟಿಯಲ್ಲಿ ರಾತ್ರಿ ಎದುರಿಗೆ ಬರುವವರ ಕಣ್ಣಿನ ಬಗ್ಗೆ ಯಾವ ಕಿಟ್ಟಿನ ಡಬ್ಬದ ಮೇಲೂ ಬರೆದಿರುವುದಿಲ್ಲ.

ಇದನ್ನೆಲ್ಲ ಒಂದು ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಉತ್ತರವನ್ನು ಪಕ್ಕದಲ್ಲಿದ್ದ ಅಣ್ಣನ ಮುಖ ನೋಡಿ ಹೇಳಿದರು. ಪ್ರಶ್ನೆ ನನ್ನದು, ಉತ್ತರ ಅವನಿಗೆ. “ಏನೂ ಆಗಲ್ಲ ಸರ್, ಎಲ್ಲಾರೂ ಹಾಕಿಸ್ಕೊಂಡು ಹೋಗ್ತಾರೆ.”

‘ಏನೂ ಆಗಲ್ಲ’ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ನಂಬದಿರಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ಅಣ್ಣನ ಗೆಳೆಯನ ಜೀಪಿನಲ್ಲಿ ನಾವು ಐದು ಜನ ತೋಟದೊಳಗೆ ಹೋಗುತ್ತಿದ್ದೆವು. ಅದೂ ನಾಲ್ಕು ಇಂಚು ಎತ್ತರಿಸಿದ್ದು. ವೇಗ ಎಂದರೆ ನಡೆಯುವಷ್ಟು. ಎಡಗಡೆಯ ಚಕ್ರ ನೀರು ಕೊರೆದ ಕೊರಕಲಿಗೆ ಇಳಿಯಿತು. ಜೀಪು ವಾಲಿತು, ನಿಂತಿತು ಅಂದುಕೊಂಡೆವು, ನಿಲ್ಲಲಿಲ್ಲ. ನಿಧಾನವಾಗಿ, ಎಮ್ಮೆ ಮಲಗುವ ಹಾಗೆ, ಪಕ್ಕದ ಸಿಲ್ವರ್ ಮರಕ್ಕೆ ಒರಗಿತು. ಮರ ಇಲ್ಲದಿದ್ದರೆ ಕೆಳಗೆ ಇಪ್ಪತ್ತು ಅಡಿ ಇಳಿಜಾರು. ಗಾಡಿ ಓಡಿಸುತ್ತಿದ್ದವನ ಕೊರಳೆಲುಬು ಮುರಿಯಿತು. ನನ್ನ ಮೇಲೆ ಅಣ್ಣ ಬಿದ್ದಿದ್ದ. ಮನೆಯಲ್ಲಿ ಇವತ್ತಿಗೂ ‘ಜಾರಿ ಬಿದ್ವಿ’ ಎಂದೇ ಹೇಳಿದ್ದೇವೆ. ಇದು ಅಚ್ಚಾದ ದಿನ ಅಮ್ಮನಿಗೆ ಗೊತ್ತಾಗುತ್ತದೆ, ಆಗಲಿ.

ಹಾಸ್ಟೆಲಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್, ಗಾಡಿಯ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಪಕ್ಕಕ್ಕೆ ಸುಮಾರು 47 ಡಿಗ್ರಿ ವಾಲಿದರೆ ಮಗುಚುತ್ತದೆ. ಕೇಂದ್ರ 10 ಸೆಂ.ಮೀ. ಮೇಲೇರಿದರೆ ಅದು 43ಕ್ಕೆ ಇಳಿಯುತ್ತದೆ. (ಆಕ್ಸಲ್ ಮತ್ತು ಚಕ್ರ ಕೆಳಗೇ ಉಳಿಯುವುದರಿಂದ ನಾಲ್ಕು ಇಂಚಿನ ಕಿಟ್ಟಿಗೆ ನಿಜದ ಏರಿಕೆ ಸ್ವಲ್ಪ ಕಡಿಮೆ. ನಮ್ಮ ಮೇಷ್ಟ್ರು ಇದನ್ನು ಓದಿದರೆ ಅಂಕ ಕಳೆಯದಿರಲಿ.) “ನಾಲ್ಕು ಡಿಗ್ರಿ ತಾನೆ?” ಎಂದ ಅಣ್ಣ. ಆದರೆ ಈ ಲೆಕ್ಕ ಅಲುಗಾಡದೆ ನಿಂತ ಮರದ ಪೆಟ್ಟಿಗೆಗೆ ಸರಿ. ನಿಜದ ಗಾಡಿಯಲ್ಲಿ ವಾಲಿದ ಕಡೆಯ ಸ್ಪ್ರಿಂಗ್ ಒತ್ತಿಕೊಂಡು ಇನ್ನಷ್ಟು ವಾಲಿಸುತ್ತದೆ, ಒಳಗೆ ಕೂತವರು ಒಂದೇ ಕಡೆ ಬೀಳುತ್ತಾರೆ, ಹಿಂದೆ 50 ಕೆಜಿಯ ಮೂಟೆಗಳು ಎತ್ತರಕ್ಕೆ ಪೇರಿಸಿರುತ್ತವೆ, ಕೆಳಗಿನ ಮಣ್ಣು ಕುಸಿಯುತ್ತದೆ. ಎಲ್ಲ ಕಳೆದು ಉಳಿಯುವ ಕೆಲವೇ ಡಿಗ್ರಿಗಳಲ್ಲಿ ನಾವು ನಾಲ್ಕನ್ನು ಫೋಟೊಕ್ಕೆ ಕೊಟ್ಟುಬಿಟ್ಟಿರುತ್ತೇವೆ.

ಕಾನೂನಿನ ವಿಷಯ ಬಂದರೆ ಹುಡುಗರೆಲ್ಲ ಆರ್‌ಟಿಒ ಬಯ್ಯುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಲಿಫ್ಟ್ ಕಿಟ್ ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಯಾವ ಅಂಗಡಿಯವರೂ ಬಿಲ್ಲಿನ ಮೇಲೆ ಬರೆದುಕೊಡುವುದಿಲ್ಲ, ಕೇಳಿ ನೋಡಿ. ನಾಳೆ ಅಪಘಾತವಾಗಿ ವಿಮೆ ಕಂಪನಿ ತಕರಾರು ತೆಗೆದರೆ ಅವರು ಫೋನೂ ಎತ್ತುವುದಿಲ್ಲ.

ಆದರೂ ನನಗೆ ಈ ಕಾನೂನಿನ ಬಗ್ಗೆ ಅಸಮಾಧಾನವಿದೆ. ಆಸ್ಟ್ರೇಲಿಯಾದಲ್ಲಿ 50 ಮಿ.ಮೀ. ಆಸುಪಾಸಿನ ಏರಿಕೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚೆಂದರೆ ಎಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಮಿತಿ ಗೊತ್ತಿದೆ, ಜವಾಬ್ದಾರಿ ಯಾರದೆಂದು ಗೊತ್ತಿದೆ. ನಮ್ಮಲ್ಲಿ ಒಳ್ಳೆಯ ಕಿಟ್ಟೂ ಕಳ್ಳಮಾಲು, ಬ್ಲಾಕ್ ಇಟ್ಟು ವೆಲ್ಡಿಂಗ್ ಮಾಡಿದ್ದೂ ಕಳ್ಳಮಾಲು. ಎರಡೂ ಒಂದೇ ಎಂದಾದಾಗ ಜನ ಅಗ್ಗದ್ದನ್ನೇ ಹಾಕಿಸುತ್ತಾರೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಇಂಥ ಗಾಡಿ ಶೋಕಿಯಲ್ಲ, ದುಡಿಮೆ. ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ಒಂದು ದಾರಿ ಇರಲಿ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೆಲಸ ನನ್ನಂಥವರಿಗೂ ಸಿಗಲಿ, ಅದರಲ್ಲಿ ನನ್ನ ಸ್ವಾರ್ಥವೂ ಇದೆ.

ನಮ್ಮ ಗಾಡಿಯ ಕಥೆ ಏನಾಯಿತು ಎಂದರೆ, ದಸರಾ ರಜೆಯಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಗಾಡಿ ನಿಲ್ಲಿಸಿ ಟೇಪು ಹಿಡಿದೆ. ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ, ನಾಲ್ಕೂ ಕಡೆ. ಕಣಕ್ಕೆ ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಇರುತ್ತದಲ್ಲ, ಹಾಗಾಗಿ ಗಾಡಿ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆದೆ. ಹಿಂದಿನ ಎಡಗಡೆ ಬಲಗಡೆಗಿಂತ 22 ಮಿ.ಮೀ. ಕೆಳಗಿತ್ತು. ಪಟ್ಟಿಗಳ ಕಮಾನು ಹೆಚ್ಚುಕಡಿಮೆ ನೇರವಾಗಿತ್ತು. ಹಳೆಯ ಮಾಲೀಕರು ಅದೆಷ್ಟು ಭಾರ ಹೊರಿಸಿದ್ದರೋ! ನಾವು ಎತ್ತರಿಸಬೇಕು ಅಂದುಕೊಂಡಿದ್ದ ಗಾಡಿ, ಅಸಲಿಗೆ ಇರಬೇಕಾದ ಎತ್ತರದಲ್ಲೇ ಇರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಜಗಲಿಯಿಂದ ಇಳಿದು ಬಂದರು. ಅವರ ಮಂಡಿಗೆ ಎರಡು ವರ್ಷದಿಂದ ನೋವು, ಗಾಡಿ ಹತ್ತುವಾಗ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಉಸಿರು ತಗೊಂಡೇ ಹತ್ತುವುದು. ಅಣ್ಣನ ಫೋಟೊ ನೋಡಿ, “ಚೆನ್ನಾಗೈತೆ ಕಣೋ. ಜೊತೆಗೊಂದು ಏಣಿನೂ ಕೊಡ್ತಾರಾ ಕೇಳು” ಎಂದರು. ಅಣ್ಣನಿಗೆ ಸಿಟ್ಟು ಬಂತು. ನನ್ನ ಮೇಲೆ. “ನಿನ್ನ ಕೇಳಿದ್ದೇ ತಪ್ಪು” ಎಂದು ಎದ್ದು ಹೋದವನು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನಾನು ಸಿಲ್ವರ್ ಮರದ ವಿಷಯ ಎತ್ತಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ನಿನ್ನ ಮೇಲೆ ಬಿದ್ದಾಗ ನಿಂಗೇನೋ ಆಗೋಯ್ತು ಅನ್ಕೊಂಡಿದ್ದೆ” ಎಂದ.

ಕೊನೆಗೆ ಹಾಕಿಸಿದ್ದು ಇಷ್ಟು: ಹಿಂದೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಸೆಟ್ ಮತ್ತು ಬುಷ್, ನಾಲ್ಕೂ ಕಡೆ ಹೊಸ ಶಾಕ್, ಅದೇ ಅಳತೆಯ ಒರಟು ಹಲ್ಲಿನ ಟೈರ್, ಹೊಟ್ಟೆಯ ಕೆಳಗೆ ದಪ್ಪ ಸ್ಕಿಡ್ ಪ್ಲೇಟ್. ಹಿಂದುಗಡೆ ಸುಮಾರು ಒಂದೂವರೆ ಇಂಚು ತಾನಾಗಿಯೇ ಎದ್ದಿತು, ದಂಡವಿಲ್ಲದೆ. ಖರ್ಚು ಕೊಟೇಷನ್ನಿನ ಅರ್ಧಕ್ಕಿಂತ ತುಸು ಹೆಚ್ಚು. ಉಳಿದ ದುಡ್ಡಿನಲ್ಲಿ ದೊಡ್ಡಪ್ಪನ ಬಾಗಿಲ ಕೆಳಗೆ ಮೆಟ್ಟಿಲಿನಂಥ ಸೈಡ್ ಸ್ಟೆಪ್ ಹಾಕಿಸೋಣ ಅಂದೆ. ಅದು ಒಂದು ಕೊರಕಲಿಗೆ ತಾಗಿ ಕಿತ್ತುಹೋಗುತ್ತದೆ ಎಂದು ಅಣ್ಣ ವಾದಿಸುತ್ತಿದ್ದಾನೆ. ಈ ವಿಷಯದಲ್ಲಿ ಅವನು ಹೇಳುವುದೇ ಸರಿ ಇರಬಹುದು. ಮುಂದಿನ ಭಾನುವಾರ ಊರಿಗೆ ಹೋದಾಗ ಅಳೆಯಬೇಕು.