ಅತ್ತೆಯ ಕತ್ತು ನೋವು, ನನ್ನ ಬೆನ್ನು ನೋವು

ನಮ್ಮಲ್ಲಿ ಕತ್ತು ಹಿಡಿದುಕೊಂಡವರಿಗೆಲ್ಲ ‘ಸ್ಪಾಂಡಿಲೈಟಿಸ್’! ಕಂಪ್ಯೂಟರ್ ಮುಂದೆ ಕೂತು ಬಂತು, ಸ್ಕೂಟರ್ ಓಡಿಸಿ ಬಂತು, ದಪ್ಪ ದಿಂಬಿನಿಂದ ಬಂತು... ಬಸ್ಸಿನಲ್ಲಿ ಯಾರಾದರೂ ಕತ್ತಿಗೆ ಪಟ್ಟಿ ಹಾಕಿಕೊಂಡು ಕೂತಿದ್ದರೂ ಅದೇ ಹೆಸರು. ನನಗೆ ಈ ಪದದ ಮೇಲೊಂದು ತಕರಾರಿದೆ. ಯಾಕಂದ್ರೆ ನನಗಿರೋದು ನಿಜವಾದ ಸ್ಪಾಂಡಿಲೈಟಿಸ್. ಪೂರ್ತಿ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಹೇಳಿದ ಕೂಡಲೇ “ಅಯ್ಯೋ, ನಮ್ಮತ್ತೆಗೂ ಇದೆ ಕಣೋ, ಬಿಸಿ ನೀರಿನ ಶಾಖ ಕೊಟ್ರೆ ಹೋಗುತ್ತೆ” ಅನ್ನೋರೇ ಜಾಸ್ತಿ.

ಅತ್ತೆಗೆ ಇರೋದು ಸಾಮಾನ್ಯವಾಗಿ ಸ್ಪಾಂಡಿಲೋಸಿಸ್. ವಯಸ್ಸಾದ ಹಾಗೆ ಡಿಸ್ಕುಗಳು, ಕೀಲುಗಳು ಸವೆಯೋದು. ನನ್ನದು ಸವೆತ ಅಲ್ಲ, ಉರಿಯೂತ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಬೆನ್ನುಮೂಳೆ ಸೊಂಟದ ಮೂಳೆಗೆ ಸೇರುವ ಕೀಲಿನಲ್ಲಿ ಜಗಳ ಶುರು ಮಾಡುತ್ತೆ. ಹಾಗೇ ಬಿಟ್ಟರೆ ಕೆಲವರಲ್ಲಿ ವರ್ಷಗಳು ಕಳೆದಂತೆ ಹೊಸ ಮೂಳೆ ಬೆಳೆದು, ಬಿಡಿಬಿಡಿಯಾಗಿದ್ದ ಬೆನ್ನು ಒಂದೇ ಕೋಲಾಗಿಬಿಡುತ್ತೆ. ಎಕ್ಸ್‌ರೇಯಲ್ಲಿ ಬಿದಿರಿನ ಥರ ಕಾಣುತ್ತೆ ಅಂತ ಡಾಕ್ಟರುಗಳು ಇದನ್ನು ‘ಬ್ಯಾಂಬೂ ಸ್ಪೈನ್’ ಅಂತಲೇ ಕರೀತಾರೆ.

ಸವೆತ ಬರೋದು ಹೆಚ್ಚಾಗಿ ವಯಸ್ಸಾದ ಮೇಲೆ. ಈ ಉರಿಯೂತ ಹೆಚ್ಚಿನವರಲ್ಲಿ ಶುರುವಾಗೋದು 45ರ ಒಳಗೆ, ಎಷ್ಟೋ ಸಲ ಕಾಲೇಜಿನ ದಿನಗಳಲ್ಲೇ. ಭಾರ ಎತ್ತಿ ಉಳುಕಿದ ಬೆನ್ನು ಮಲಗಿದರೆ ಹಾಯೆನಿಸುತ್ತೆ. ಈ ನೋವು ಮಲಗಿದರೆ ಜಾಸ್ತಿ! ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತೆ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬೆನ್ನು ಮರದ ಹಲಗೆ. ಓಡಾಡಿದರೆ ಸಡಿಲ ಆಗುತ್ತೆ. ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅನುಮಾನ ಪಡಲೇಬೇಕು. ಕೆಲವರಿಗೆ ಜೊತೆಗೆ ಕಣ್ಣು ಕೆಂಪಾಗಿ ನೋಯುತ್ತೆ. ಅದನ್ನು ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಈಗ ಹೇಳಿ, ಎರಡಕ್ಕೂ ಒಂದೇ ಹೆಸರಿಟ್ಟರೆ ಏನಾಗುತ್ತೆ? ಎರಡಕ್ಕೂ ಒಂದೇ ಸಲಹೆ ಸಿಗುತ್ತೆ. ನನಗೆ ಮೂರು ವರ್ಷ ಸಿಕ್ಕಿದ್ದು “ರೆಸ್ಟ್ ತಗೊಳ್ಳಿ” ಅನ್ನೋ ಮಾತು. ಈ ಕಾಯಿಲೆಗೆ ಅದು ತದ್ವಿರುದ್ಧ ಮದ್ದು. ನನ್ನೊಬ್ಬನ ಕತೆ ಅಲ್ಲ ಇದು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಾಯಿಲೆ ಪತ್ತೆಯಾಗೋಕೆ ಸರಾಸರಿ ಆರೇಳು ವರ್ಷ ಹಿಡಿದಿದೆ.

ಪರೀಕ್ಷೆಗಳೂ ಕಣ್ಣಾಮುಚ್ಚಾಲೆ ಆಡುತ್ವೆ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣೋಕೆ ವರ್ಷಗಳೇ ಬೇಕಾಗಬಹುದು, ಎಂಆರ್‌ಐನಲ್ಲಿ ಬೇಗ ಸಿಗಬಹುದು. 1973ರಲ್ಲಿ ಈ ಕಾಯಿಲೆಗೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ನಂಟು ಗೊತ್ತಾಯ್ತು. ಆದರೆ ಅದು ಪಾಸಿಟಿವ್ ಇರುವ ಬಹುಪಾಲು ಜನಕ್ಕೆ ಕಾಯಿಲೆ ಬರೋದೇ ಇಲ್ಲ. ರಿಪೋರ್ಟಿನ ಒಂದು ಸಾಲು ನೋಡಿ ಹೆದರಬೇಡಿ, ರುಮಟಾಲಜಿಸ್ಟ್ ಹತ್ರ ಹೋಗಿ.

ಪೂರ್ತಿ ವಾಸಿ ಆಗಲ್ಲ, ನಿಜ. ಆದರೆ ಹಿಡಿತದಲ್ಲಿ ಇಡಬಹುದು. ದಿನಾ ವ್ಯಾಯಾಮ, ಸಿಗರೇಟಿಗೆ ನಮಸ್ಕಾರ, ಡಾಕ್ಟರು ಬರೆದ ಉರಿಯೂತ ತಗ್ಗಿಸುವ ಮಾತ್ರೆ. ಇಷ್ಟಕ್ಕೆ ಬಗ್ಗದಿದ್ದರೆ ಬಯಾಲಜಿಕ್ ಇಂಜೆಕ್ಷನ್ನುಗಳಿವೆ. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಬೆಲೆ ಕೇಳಿದರೆ ಬೆನ್ನಿಗಿಂತ ಜೇಬು ಜಾಸ್ತಿ ನೋಯುತ್ತೆ :) 2014ರಲ್ಲಿ ನಮ್ಮ ದೇಶದಲ್ಲೇ ಅಡಾಲಿಮುಮಾಬ್‌ನ ಬಯೋಸಿಮಿಲರ್ ಬಂದಿದ್ದು ಅದಕ್ಕೇ ದೊಡ್ಡ ವಿಷಯ.

ನನ್ನ ಅಭಿಪ್ರಾಯ ಇಷ್ಟೇ. ಇಂಗ್ಲಿಷ್ ಹೆಸರುಗಳು ನಮ್ಮ ಬಾಯಲ್ಲಿ ಕಲಸುಮೇಲೋಗರ ಆಗೋದಾದ್ರೆ ಕನ್ನಡದಲ್ಲೇ ಬೇರೆ ಮಾಡೋಣ. ಒಂದು ‘ಬೆನ್ನುಸವೆತ’, ಇನ್ನೊಂದು ‘ಬೆನ್ನುರಿಯೂತ’. ಹೆಸರು ಬೇರೆಯಾದರೆ ಮಗ ಬೆಳಿಗ್ಗೆ ಏಳೋಕೆ ಒದ್ದಾಡೋದನ್ನು ಮನೆಯವರು ಸೋಮಾರಿತನ ಅಂದುಕೊಳ್ಳಲ್ಲ.

ಇದಕ್ಕಿಂತ ಒಳ್ಳೇ ಪದ ನಿಮ್ಮ ಹತ್ರ ಇದ್ಯಾ? ಇದ್ರೆ ಹೇಳಿ, ಇವತ್ತಿಂದಲೇ ಬಳಸ್ತೀನಿ.