ಸೋಲುಗಳನ್ನು ಅಳಿಸಬೇಡಿ

ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿ ರಾಜಕಾರಣಿ ಹಾರ್ವೆ ಮಿಲ್ಕ್ ದೊಡ್ಡವನಾದದ್ದು ಗುಂಡೇಟಿನಿಂದ, ರಾಜಕಾರಣದಿಂದಲ್ಲ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ನಾನು ಒಪ್ಪುವುದಿಲ್ಲ. ಲೇಖಕರು ಅವನ ಮೂರು ಸೋಲುಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಆದರೆ ಅವನ ರಾಜಕಾರಣವೆಲ್ಲ ಇರುವುದು ಅಲ್ಲಿಯೇ.

ಸ್ಯಾನ್ ಫ್ರಾನ್ಸಿಸ್ಕೊ ನಗರವೂ ಹೌದು, ಕೌಂಟಿಯೂ ಹೌದು. ಎರಡಕ್ಕೂ ಸೇರಿ 11 ಜನರ ಒಂದೇ ಮೇಲ್ವಿಚಾರಕರ ಮಂಡಳಿ. 1973ರಲ್ಲಿ ಮಿಲ್ಕ್ ಆ ಮಂಡಳಿಗೆ ಮೊದಲ ಸಲ ನಿಂತಾಗ ಇಡೀ ನಗರವೇ ಒಂದು ಕ್ಷೇತ್ರ. ಕ್ಯಾಸ್ಟ್ರೊ ಬೀದಿಯ ಕ್ಯಾಮೆರಾ ಅಂಗಡಿಯವನೊಬ್ಬ ಅಷ್ಟು ದೊಡ್ಡ ಊರಿನ ಮತ ಕೇಳಬೇಕಿತ್ತು, ಅವನು 10ನೆಯವನಾದ. 1975ರಲ್ಲಿ ಆರು ಸ್ಥಾನಗಳಿದ್ದವು, ಅವನು ಏಳನೆಯವನು. ನಡುವೆ ಲಾರಿ ಚಾಲಕರ ಸಂಘದ ಜೊತೆ ನಿಂತು, ಕೂರ್ಸ್ ಬಿಯರನ್ನು ಸಲಿಂಗಿಗಳ ಬಾರುಗಳಿಂದ ಹೊರಹಾಕಿಸಿದ. ಕಾರ್ಮಿಕರೂ ಸಲಿಂಗಿಗಳೂ ಒಂದೇ ಪಕ್ಕ ನಿಲ್ಲಬಹುದೆಂದು ಆಗ ಯಾರು ನಂಬಿದ್ದರು? ಇದು ಅದೃಷ್ಟವಲ್ಲ, ಬೀದಿ ಬೀದಿ ಅಲೆದು ಕಟ್ಟಿದ್ದು. 1976ರಲ್ಲಿ ರಾಜ್ಯ ವಿಧಾನಸಭೆಗೂ ನಿಂತು ಸೋತ. ಅದೇ ವರ್ಷ ನಗರದ ಮತದಾರರು ಮಂಡಳಿಗೆ ಕ್ಷೇತ್ರವಾರು ಚುನಾವಣೆ ನಡೆಸಲು ಒಪ್ಪಿಗೆ ಕೊಟ್ಟರು. ನೆರೆಹೊರೆಯ ಮತಕ್ಕೆ ಬೆಲೆ ಬಂತು. 1977ರಲ್ಲಿ ಐದನೇ ಕ್ಷೇತ್ರದಿಂದ ಅವನು ಗೆದ್ದ.

ಅಧಿಕಾರ ಸಿಕ್ಕಿದ್ದು ಹನ್ನೊಂದೇ ತಿಂಗಳು. ಅಷ್ಟರಲ್ಲೇ ಸಲಿಂಗಿಗಳ ವಿರುದ್ಧದ ತಾರತಮ್ಯವನ್ನು ನಿಷೇಧಿಸುವ ನಗರ ಕಾನೂನು ಮಂಡಳಿಯಲ್ಲಿ ಪಾಸಾಯಿತು. ಸಲಿಂಗಿ ಶಿಕ್ಷಕರನ್ನು ಕೆಲಸದಿಂದ ತೆಗೆಯಲು ಹೊರಟಿದ್ದ ಬ್ರಿಗ್ಸ್ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾ 1978ರ ನವೆಂಬರ್ 7ರಂದು ತಿರಸ್ಕರಿಸಿತು. ಅದರ ವಿರುದ್ಧ ಮಿಲ್ಕ್ ರಾಜ್ಯದುದ್ದಕ್ಕೂ ವಾದಿಸಿದ್ದ. ಅವನ ಕೊಲೆಯಾದದ್ದು ನವೆಂಬರ್ 27ರಂದು, ಆ ಗೆಲುವಿನ ಇಪ್ಪತ್ತು ದಿನಗಳ ನಂತರ.