ಹಿಮದ ರಸ್ತೆಗೆ ಎತ್ತರದ ವಾಹನವೋ, ಹಿಡಿತದ ವಾಹನವೋ?

ಪ್ರತಿ ವರ್ಷ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ನಮ್ಮ ಉದ್ಯಮಿ ಬಂಧುಗಳಲ್ಲಿ ಕೆಲವರು ಜರ್ಮನಿಗೆ ಪ್ರಯಾಣ ಬೆಳೆಸುತ್ತಾರೆ. ಗೃಹೋಪಯೋಗಿ ಜವಳಿಗೆ ಫ್ರಾಂಕ್‌ಫರ್ಟಿನ ಹೈಮ್‌ಟೆಕ್ಸ್‌ಟಿಲ್, ಆಟಿಕೆಗಳಿಗೆ ನ್ಯೂರೆಂಬರ್ಗಿನ ಮೇಳ, ಸಾವಯವ ಪದಾರ್ಥಗಳಿಗೆ ಅದೇ ನಗರದ ಬಯೋಫಾಖ್. ಇವೆಲ್ಲ ನಡೆಯುವುದು ಕಡುಚಳಿಯ ದಿನಗಳಲ್ಲಿಯೇ. ಮೇಳ ಮುಗಿದ ಬಳಿಕ ಖರೀದಿದಾರರ ಊರಿಗೇ ಹೋಗಿ ಮಾತುಕತೆ ಮುಗಿಸುವುದು ಜಾಣತನ. ಆ ಊರುಗಳು ಅನೇಕ ವೇಳೆ ಬವೇರಿಯಾದ ಗುಡ್ಡಗಾಡಿನಲ್ಲೋ ಬ್ಲ್ಯಾಕ್ ಫಾರೆಸ್ಟಿನ ಕಣಿವೆಯಲ್ಲೋ ಇರುತ್ತವೆ. ಆಗ ಬಾಡಿಗೆ ಕಾರು ಅನಿವಾರ್ಯವಾಗುತ್ತದೆ. ಅಲ್ಲಿ ನಾವು ಸಾಮಾನ್ಯವಾಗಿ ಮಾಡುವ ಒಂದು ತಪ್ಪಿನ ಕುರಿತು ಈ ಲೇಖನ.

ಆ ತಪ್ಪನ್ನು ನಾನೂ ಮಾಡಿದ್ದೇನೆ. 2016ರ ಫೆಬ್ರುವರಿಯಲ್ಲಿ ನಾನು ಮತ್ತು ನನ್ನ ಪಾಲುದಾರರು ನ್ಯೂರೆಂಬರ್ಗಿನಲ್ಲಿ ಕಾರು ಪಡೆಯಲು ನಿಂತಾಗ, ಹಿಮ ಬೀಳುತ್ತಿದೆಯಲ್ಲ ಎಂದು ದಿನಕ್ಕೆ ಇಷ್ಟು ಯೂರೋ ಹೆಚ್ಚು ತೆತ್ತು ದೊಡ್ಡದೊಂದು ಎಸ್‌ಯುವಿಯನ್ನು ಆರಿಸಿಕೊಂಡೆವು. ಎತ್ತರದ ಆಸನ, ಭಾರಿ ಗಾತ್ರ. ಧೈರ್ಯ ತಾನಾಗಿಯೇ ಬಂದಿತು. ಗುಡ್ಡದ ಇಳಿಜಾರಿನ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ವಾಹನ ನಿಲ್ಲಲಿಲ್ಲ. ಜಾರುತ್ತಾ ಹೋಗಿ ರಸ್ತೆಯಂಚಿನ ಹಿಮದ ದಿಬ್ಬಕ್ಕೆ ತಗುಲಿ ನಿಂತಿತು. ದಿಬ್ಬದ ಆಚೆಗೆ ಕಂದಕವಿತ್ತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ವಿಮೆಯಲ್ಲಿ ನಮ್ಮ ಪಾಲಿಗೆ ಬಿಟ್ಟಿದ್ದ ಮೊತ್ತವನ್ನು ತೆರಬೇಕಾಯಿತು. ಖರೀದಿದಾರರ ಬಳಿಗೆ ತಲಪುವಾಗ ಮೂರು ಗಂಟೆ ತಡವಾಗಿತ್ತು. ನಮ್ಮ ಕಥೆ ಕೇಳಿದ ಆ ಹಿರಿಯರು ಹೊರಗೆ ಬಂದರು. ಅವರು ವಾಹನವನ್ನು ನೋಡಲಿಲ್ಲ. ಬಗ್ಗಿ ಟೈರನ್ನು ನೋಡಿದರು. ಅದು ಚಳಿಗಾಲದ ಟೈರಾಗಿರಲಿಲ್ಲ. ಆ ಎಸ್‌ಯುವಿಯಲ್ಲಿ ಎಂಜಿನ್ನಿನ ಶಕ್ತಿ ಹರಿಯುತ್ತಿದ್ದುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಂಬುದೂ ನಮಗೆ ಆಗಲೇ ತಿಳಿದದ್ದು.

ಇಲ್ಲಿ ಮೂರು ಸಂಗತಿಗಳನ್ನು ಪ್ರತ್ಯೇಕಿಸಿ ನೋಡಬೇಕು. ಎಸ್‌ಯುವಿ ಎಂಬುದು ವಾಹನದ ಆಕಾರಕ್ಕೆ ಇಟ್ಟ ಹೆಸರು. ಆಲ್ ವೀಲ್ ಡ್ರೈವ್ ಎಂಬುದು ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚುವ ವ್ಯವಸ್ಥೆ. ಟೈರು ಎಂಬುದು ನೆಲವನ್ನು ಹಿಡಿಯುವ ಸಾಧನ. ಎಸ್‌ಯುವಿ ಆದ ಮಾತ್ರಕ್ಕೆ ನಾಲ್ಕು ಚಕ್ರಗಳಿಗೆ ಶಕ್ತಿ ಇರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಮಾರಾಟವಾಗುವ ಎಸ್‌ಯುವಿಗಳಲ್ಲಿ ಬಹುಪಾಲು ಎರಡು ಚಕ್ರಗಳಿಂದಲೇ ನಡೆಯುವಂಥವು.

ನಾಲ್ಕು ಚಕ್ರಗಳ ಶಕ್ತಿಯ ಉಪಯೋಗ ನಿಜವಾದುದು. ನಿಂತ ವಾಹನ ಹೊರಡುವಾಗ, ಏರು ಹತ್ತುವಾಗ, ಒಂದು ಚಕ್ರ ಜಾರಿದರೂ ಉಳಿದವು ಎಳೆದುಕೊಂಡು ಹೋಗುತ್ತವೆ. ಆದರೆ ನಿಲ್ಲಿಸುವಾಗ ಅದರ ನೆರವು ಇಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರಿನೊಳಗೆ ನಿಲ್ಲುವ ಕಾರು, ತುಳಿದು ಗಟ್ಟಿಯಾದ ಹಿಮದ ಮೇಲೆ 40 ಮೀಟರಿನಷ್ಟು, ಮಂಜುಗಡ್ಡೆಯ ಮೇಲೆ 100 ಮೀಟರಿನಷ್ಟು ಸಾಗೀತು. ಇದು ನೆಲದ ಹಿಡಿತವನ್ನು ಆಧರಿಸಿದ ಸರಳ ಲೆಕ್ಕ. ಈ ಲೆಕ್ಕದಲ್ಲಿ ವಾಹನದ ತೂಕಕ್ಕಾಗಲಿ, ಬೆಲೆಗಾಗಲಿ, ಎಷ್ಟು ಚಕ್ರಗಳಿಗೆ ಶಕ್ತಿ ಹೋಗುತ್ತದೆ ಎಂಬುದಕ್ಕಾಗಲಿ ಸ್ಥಾನವಿಲ್ಲ. ಸುಲಭವಾಗಿ ಹೊರಟು ವೇಗ ಪಡೆಯುವ ವಾಹನವು ನಿಲ್ಲಿಸುವುದೂ ಸುಲಭವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ, ಅಪಾಯವಿರುವುದು ಅಲ್ಲಿಯೇ.

ಹಿಡಿತ ಕೊಡುವುದು ಟೈರು. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಬೇಸಿಗೆಯ ಟೈರಿನ ರಬ್ಬರು ಬಿಗಿಯುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿರುತ್ತದೆ. ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಆಡಿ ಕಂಪನಿಯ ಕಾರು 1986ರಲ್ಲಿ ಫಿನ್‌ಲೆಂಡಿನ ಕೈಪೋಲದ ಸ್ಕೀ ಜಿಗಿತದ ಕಡಿದಾದ ಇಳಿಜಾರನ್ನು ಏರಿದ ಜಾಹೀರಾತು ಜಗತ್ಪ್ರಸಿದ್ಧವಾಯಿತು. 2005ರಲ್ಲಿ ಅದೇ ಸಾಹಸವನ್ನು ಮತ್ತೊಮ್ಮೆ ಮಾಡಿದಾಗ ಆ ಕಾರಿಗೆ ಮೊಳೆಗಳುಳ್ಳ ವಿಶೇಷ ಟೈರುಗಳನ್ನು ತೊಡಿಸಲಾಗಿತ್ತು. ನಾಲ್ಕು ಚಕ್ರಗಳ ಶಕ್ತಿಯನ್ನು ಸಾರುವ ಪ್ರದರ್ಶನಕ್ಕೂ ಟೈರಿನ ಆಸರೆ ಬೇಕಾಯಿತೆಂಬುದು ಗಮನಾರ್ಹ.

ಹಾಗಾದರೆ ಎಸ್‌ಯುವಿಗೆ ಅನುಕೂಲವೇ ಇಲ್ಲವೇ? ಇದೆ. ಹಿಮ ತೆಗೆಯುವ ಯಂತ್ರ ಇನ್ನೂ ಬಾರದ ರಸ್ತೆಯಲ್ಲಿ ಹಿಮ ಸ್ವಲ್ಪ ದಪ್ಪವಾಗಿ ಬಿದ್ದಿದ್ದರೆ ತಗ್ಗಿನ ಕಾರಿನ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಎತ್ತರದ ವಾಹನ ದಾಟೀತು. ಆದರೆ ಜರ್ಮನಿಯ ಮುಖ್ಯ ರಸ್ತೆಗಳಲ್ಲಿ ಹಿಮ ತೆಗೆದು ಉಪ್ಪು ಹಾಕುವ ವ್ಯವಸ್ಥೆ ಚೆನ್ನಾಗಿದೆ. ಅಂಥಲ್ಲಿ ಎತ್ತರವು ಗುಣವಾಗುವುದಕ್ಕಿಂತ ದೋಷವಾಗುವುದೇ ಹೆಚ್ಚು: ಭಾರದ ಕೇಂದ್ರ ಮೇಲಿರುವುದರಿಂದ ತಿರುವುಗಳಲ್ಲಿ ವಾಹನ ಹೊಯ್ದಾಡುತ್ತದೆ. ಎತ್ತರವೂ ಬೇಕೆನ್ನುವವರಿಗೆ ಸುಬಾರು ಔಟ್‌ಬ್ಯಾಕ್‌ನಂಥ, ನೆಲದಿಂದ 200 ಮಿ.ಮೀ.ಗಿಂತ ಹೆಚ್ಚು ಎತ್ತರವಿದ್ದು ನಾಲ್ಕೂ ಚಕ್ರಗಳಿಗೆ ಶಕ್ತಿಯುಳ್ಳ ಕಾರುಗಳಿವೆ.

ಕಾನೂನನ್ನೂ ಅರಿತಿರುವುದು ಒಳ್ಳೆಯದು. ಹಿಮ, ಮಂಜುಗಡ್ಡೆ ಇರುವಾಗ ಚಳಿಗಾಲಕ್ಕೆ ತಕ್ಕ ಟೈರು ಇರಲೇಬೇಕೆಂಬ ನಿಯಮವನ್ನು ಜರ್ಮನಿಯು 2010ರಲ್ಲಿ ಸ್ಪಷ್ಟಪಡಿಸಿತು. 2024ರ ಅಕ್ಟೋಬರ್ 1ರಿಂದ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿಹ್ನೆಯುಳ್ಳ ಟೈರಿಗೆ ಮಾತ್ರ ಮಾನ್ಯತೆ. ಹಿಂದೆ ನಡೆಯುತ್ತಿದ್ದ 'ಎಂ ಪ್ಲಸ್ ಎಸ್' ಗುರುತೊಂದೇ ಈಗ ಸಾಲದು. ತಪ್ಪಿದರೆ ಚಾಲಕನಿಗೇ ಕನಿಷ್ಠ 60 ಯೂರೋ ದಂಡ. ಕಾರು ಬಾಡಿಗೆಯದೆಂಬುದು ಅಲ್ಲಿ ನೆಪವಾಗಲಾರದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಹಿಮದ ನಾಡಿನಲ್ಲಿ ಹಣ ತೆರುವಾಗ ಮೊದಲ ಸ್ಥಾನ ಟೈರಿಗೆ, ಎರಡನೆಯದು ನಾಲ್ಕು ಚಕ್ರಗಳ ಶಕ್ತಿಗೆ, ಕೊನೆಯದು ಎತ್ತರಕ್ಕೆ. ಚಳಿಗಾಲದ ಟೈರು ತೊಟ್ಟ ಸಾಧಾರಣ ಕಾರು, ಬೇಸಿಗೆಯ ಟೈರಿನ ದುಬಾರಿ ಎಸ್‌ಯುವಿಗಿಂತ ಸುರಕ್ಷಿತ. ಗುಡ್ಡಗಾಡಿಗೆ ಹೋಗುವವರು ಚಳಿಗಾಲದ ಟೈರಿರುವ ಆಲ್ ವೀಲ್ ಡ್ರೈವ್ ಕಾರನ್ನೇ ಕೇಳಿ ಪಡೆಯಲಿ. ಟೈರಿನ ಮೇಲೆ ಆ ಚಿಹ್ನೆ ಇದೆಯೇ, ಅಚ್ಚಿನ ಆಳ 4 ಮಿ.ಮೀ. ಇದೆಯೇ, ಶಕ್ತಿ ಎಷ್ಟು ಚಕ್ರಗಳಿಗೆ ಎಂಬ ಮೂರು ಪ್ರಶ್ನೆಗಳನ್ನು ಕೌಂಟರಿನಲ್ಲಿಯೇ ಕೇಳಿ, ಹೊರಗೆ ಬಂದು ಕಣ್ಣಾರೆ ನೋಡಿ, ಆಮೇಲೆ ಸಹಿ ಹಾಕಲಿ.

ಹೆಚ್ಚು ದರ ಕೊಟ್ಟ ಮಾತ್ರಕ್ಕೆ ಸರಕು ಒಳ್ಳೆಯದಾಗದೆಂಬುದನ್ನು ವ್ಯಾಪಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಪಾಲಿಸುವ ಆ ವಿವೇಕವನ್ನು ಪರದೇಶದ ಬಾಡಿಗೆ ಕೌಂಟರಿನಲ್ಲಿ ಮಾತ್ರ ಏಕೆ ಮರೆಯಬೇಕು? ಚಳಿಗಾಲದ ಮೇಳಗಳಿಗೆ ನಿಯೋಗ ಹೊರಡುವಾಗ ನೀಡುವ ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದು ಪುಟ ಮೀಸಲಿಡಬೇಕೆಂದು ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮುದ್ರಣಕ್ಕೆ ತಗಲುವ ವೆಚ್ಚ ಅಲ್ಪ; ಅದರಿಂದ ಉಳಿಯುವುದು ಸದಸ್ಯರೊಬ್ಬರ ಪ್ರಾಣವಾಗಿರಬಹುದು.